ಫಿಲ್ಟರಿಗೆ ಎಷ್ಟು ಕೊಳೆ ಬೇಕು?

ಬಾರಾನಗರದಲ್ಲಿ ಬ್ಯಾರಕ್‌ಪುರ ಟ್ರಂಕ್ ರಸ್ತೆಗೆ ಅಂಟಿಕೊಂಡು ಒಂದಾನೊಂದು ಕಾಲಕ್ಕೆ ಕಾರ್ಖಾನೆಗಳಿದ್ದ ನೆಲದಲ್ಲಿ ಈಗ ವಸತಿ ಸಮುಚ್ಚಯಗಳು ಎದ್ದಿವೆ. ಅಂಥ ಒಂದರ ಅಂಗಳದಲ್ಲಿ ಹನ್ನೆರಡು ಮೀಟರ್ ಉದ್ದ, ಐದು ಮೀಟರ್ ಅಗಲದ ಈಜುಕೊಳ. ಇಪ್ಪತ್ತು ಮನೆಯವರು ಸೇರಿ ಸಾಕಿಕೊಂಡದ್ದು. ಅದರ ಉಸ್ತುವಾರಿ ಒಬ್ಬ ಕನ್ನಡದ ಹಿರಿಯರದು. ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದು, ಹೂಗ್ಲಿ ದಂಡೆಯ ಸೆಣಬಿನ ಗಿರಣಿಗಳಿಗೆ ನೀರು ಸೋಸುವ ಯಂತ್ರ ಕೂರಿಸುತ್ತಲೇ ತಲೆ ಬೆಳ್ಳಗಾದವರು. ಅವರ ತಮ್ಮನ ಮಗಳು ಮೈಸೂರಿನಿಂದ ಬಂದು ಅದೇ ರಸ್ತೆಯ 203ನೇ ನಂಬರಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಓದುತ್ತಿದ್ದಾಳೆ. ಭಾನುವಾರ ದೊಡ್ಡಪ್ಪನ ಮನೆಗೆ ಬರುವುದು ಈಜುವ ಆಸೆಗೆ, ದೊಡ್ಡಮ್ಮನ ಬಿಸಿಬೇಳೆಭಾತಿಗೆ. ಜುಲೈ ತಿಂಗಳ ಒಂದು ಬೆಳಗ್ಗೆ ಆಸೆಯ ಮೊದಲರ್ಧಕ್ಕೆ ಕಲ್ಲು ಬಿತ್ತು. ಸುತ್ತ ಬಂಗಾಳಿ ಕಿವಿಗಳೇ ಇದ್ದುದರಿಂದ ಇಬ್ಬರೂ ದನಿ ತಗ್ಗಿಸದೆ ಜಗಳವಾಡಿದರು.

ಹುಡುಗಿ: ದೊಡ್ಡಪ್ಪ, ಈ ನೀರಿಗೆ ನಾನಂತೂ ಇಳಿಯಲ್ಲ. ಮೂರನೇ ಮೆಟ್ಟಿಲೇ ಕಾಣ್ತಿಲ್ಲ.

ದೊಡ್ಡಪ್ಪ: ಮಳೆ ಸುರಿದಿದೆ, ಮಕ್ಕಳು ಕುಣಿದಿದ್ದಾರೆ. ಎರಡು ದಿನ ಬಿಡು, ತಿಳಿಯಾಗುತ್ತೆ.

ಹುಡುಗಿ: ಹೋದ ಭಾನುವಾರವೂ ಇದನ್ನೇ ಹೇಳಿದ್ರಿ. ಫಿಲ್ಟರ್ ತೊಳೆಸ್ತಾ ಇಲ್ವಾ?

ದೊಡ್ಡಪ್ಪ: ತೊಳೆಸೋದೇನು ಬಂತು! ಗುತ್ತಿಗೆಯ ಹುಡುಗ ದಿನಾ ಬೆಳಗ್ಗೆ ಬಂದು ತೊಳೆದು ಹೋಗ್ತಾನೆ. ರೋಗ ಅಲ್ಲೇ ಇದೆ ಅಂತ ನನ್ನ ಗುಮಾನಿ.

ಹುಡುಗಿ: ತೊಳೆದರೆ ಕೊಳೆಯಾಗುತ್ತೆ ಅಂತೀರಾ?

ದೊಡ್ಡಪ್ಪ: ಅತಿಯಾಗಿ ತೊಳೆದರೆ ಆಗುತ್ತೆ. ಆ ಗುಂಡನೆಯ ತೊಟ್ಟಿಯೊಳಗಿರೋದು ಒಂದೂವರೆ ಕ್ವಿಂಟಲ್ ಮರಳು. ಒಂದೊಂದು ಕಾಳೂ ಸುಮಾರು ಅರ್ಧ ಮಿಲಿಮೀಟರ್. ಈಗಷ್ಟೇ ತೊಳೆದ ಮರಳು ಇಪ್ಪತ್ತರಿಂದ ನಲವತ್ತು ಮೈಕ್ರಾನಿನ ಕಸವನ್ನು ಹಿಡಿದೀತು, ಅದಕ್ಕಿಂತ ಸಣ್ಣದು ಸಂದಿಯಲ್ಲಿ ನುಸುಳಿಕೊಂಡು ಕೊಳಕ್ಕೇ ವಾಪಸು ಬರುತ್ತೆ. ಎರಡು ಮೂರು ದಿನ ಓಡಿದ ಮೇಲೆ ಸಿಕ್ಕಿಬಿದ್ದ ಕಸವೇ ಸಂದಿಗಳನ್ನು ಕಿರಿದು ಮಾಡುತ್ತೆ. ಆಗ ನೋಡು, ಮೊದಲು ಕೈಗೆ ಸಿಗದಿದ್ದದ್ದೂ ಸಿಗೋಕೆ ಶುರು. ನಮ್ಮ ಹುಡುಗ ಮರಳು ಕೆಲಸ ಕಲಿಯೋ ಹೊತ್ತಿಗೆ ಸರಿಯಾಗಿ ಬಂದು ತೊಳೆದು ಹಾಕ್ತಾನೆ.

ಹುಡುಗಿ: ಅಂದರೆ ಫಿಲ್ಟರ್ ಕೊಳಕಾಗಿರಬೇಕು.

ದೊಡ್ಡಪ್ಪ: ಹದವಾಗಿ ಕೊಳಕಾಗಿರಬೇಕು.

ಹುಡುಗಿ: ಆ ಹದ ಯಾರಿಗೆ ಗೊತ್ತಾಗುತ್ತೆ? ನಿಮ್ಮ ಕಣ್ಣಿಗಾ?

ದೊಡ್ಡಪ್ಪ: ಕಣ್ಣಿಗಲ್ಲ, ಒತ್ತಡ ತೋರಿಸೋ ಗೇಜಿಗೆ. ಮರಳು ಚೊಕ್ಕಟವಾಗಿದ್ದಾಗ ಮುಳ್ಳು ಎಲ್ಲಿ ನಿಲ್ಲುತ್ತೋ ಅದನ್ನ ಬರೆದಿಟ್ಕೋಬೇಕು. ಅಲ್ಲಿಂದ ಎಂಟು ಹತ್ತು ಪೌಂಡು ಏರಿದ ಮೇಲೆ ತೊಳಿ. ಅದಕ್ಕೆ ಮುಂಚೆ ವಾಲ್ವಿನ ಹಿಡಿಕೆಗೆ ಕೈ ಹಾಕಬೇಡ. ಏರೋ ಬದಲು ಇಳಿದರೆ ತಪ್ಪು ಮರಳಿನದಲ್ಲ, ಪಂಪಿಗಿಂತ ಹಿಂದಿನದು. ಸ್ಕಿಮ್ಮರಿನ ಬುಟ್ಟಿಯಲ್ಲಿ ಎಲೆ ತುಂಬಿರುತ್ತೆ, ಇಲ್ಲಾ ಪಂಪಿನ ಮುಚ್ಚಳದ ರಬ್ಬರ್ ಉಂಗುರ ಒಣಗಿ ಗಾಳಿ ಎಳೀತಿರುತ್ತೆ. ನೀರು ವಾಪಸು ಬರೋ ಬಾಯಲ್ಲಿ ಗುಳ್ಳೆ ಎದ್ದರೆ ಅದೇ ಅಂತ ತಿಳ್ಕೋ.

ಹುಡುಗಿ: ನಮ್ಮ ಗೇಜು ಈಗ ಏನು ಹೇಳುತ್ತೆ?

ದೊಡ್ಡಪ್ಪ: ಹದಿನಾಲ್ಕು. ಚೊಕ್ಕ ಮರಳಿಗೆ ಹನ್ನೆರಡಿತ್ತು. ಏರಿರೋದು ಬರೀ ಎರಡು. ತೊಳೆಯೋ ಅಗತ್ಯವೇ ಇಲ್ಲ.

ಹುಡುಗಿ: ನಿನ್ನೆ ಎಷ್ಟಿತ್ತು?

ದೊಡ್ಡಪ್ಪ: ಹದಿನಾಲ್ಕೇ.

ಹುಡುಗಿ: ಮೊನ್ನೆ? ಮಳೆಗೆ ಮುಂಚೆ? ಮಳೆ ಬಂದ ಮೇಲೆ?

ದೊಡ್ಡಪ್ಪ: ಹದಿನಾಲ್ಕು ಅಂದ್ನಲ್ಲ! ಏನೀಗ?

ಹುಡುಗಿ: ನೀರು ಹಾಲಿನಂತಾಗಿದೆ, ಮುಳ್ಳು ಕದಲಿಲ್ಲ. ದಿನಾ ತೊಳೆದರೂ ಇಳಿದಿಲ್ಲ, ಮಳೆ ಬಂದರೂ ಏರಿಲ್ಲ. ಅಷ್ಟು ಸ್ಥಿರವಾದ ಅಂಕಿ ನಮ್ಮ ಪರೀಕ್ಷೆಯಲ್ಲಿ ಬಂದರೆ ಮೇಷ್ಟ್ರು ಉತ್ತರಪತ್ರಿಕೆ ನೋಡಲ್ಲ, ಮುಖ ನೋಡ್ತಾರೆ. ಬನ್ನಿ, ಪಂಪು ನಿಲ್ಲಿಸಿ ನೋಡೋಣ.

ಇಬ್ಬರೂ ಪಂಪ್ ಕೋಣೆಗೆ ಇಳಿದರು. ಒದ್ದೆ ಸಿಮೆಂಟು, ಬ್ಲೀಚಿಂಗ್ ಪುಡಿಯ ಘಾಟು, ಗೋಡೆಯ ಮೇಲೆ ಯಾರೋ ಅಂಟಿಸಿದ ದಕ್ಷಿಣೇಶ್ವರದ ಕಾಳಿಯ ಕ್ಯಾಲೆಂಡರು. ಹಿರಿಯರು ಸ್ವಿಚ್ಚು ಆರಿಸಿದರು. ಮೋಟಾರಿನ ಸದ್ದು ಇಳಿಯಿತು, ಕೊಳವೆಯೊಳಗಿನ ನೀರು ಒಮ್ಮೆ ಗೊಳಕ್ ಎಂದಿತು. ಗೇಜಿನ ಗಾಜಿನೊಳಗೆ ತೇವ ಕಟ್ಟಿತ್ತು. ಅದರ ಹಿಂದೆ ಮುಳ್ಳು ಹದಿನಾಲ್ಕರಲ್ಲೇ ಕೂತಿತ್ತು. ಹಿರಿಯರು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದರು. ಜಗ್ಗಲಿಲ್ಲ.

ಹುಡುಗಿ: ಪಂಪು ನಿಂತ ಮೇಲೂ ಹದಿನಾಲ್ಕು ಪೌಂಡು ಒತ್ತಡ! ಇದನ್ನ ನಂಬಿಕೊಂಡು ನೀವು ಕೊಳೆಯ ಹದ ನೋಡ್ತಿದ್ರಿ.

ದೊಡ್ಡಪ್ಪ: ಗೇಜು ಸತ್ತಿದೆ, ಒಪ್ಪಿದೆ. ನಾನು ಹೇಳಿದ ನಿಯಮ ಸತ್ತಿಲ್ಲ.

ಹುಡುಗಿ: ನಿಯಮ ಹೇಳೋದು ಸುಲಭ ದೊಡ್ಡಪ್ಪ. ಅಳೆಯೋ ಸಾಧನವನ್ನ ಮೊದಲು ಅಳೀಬೇಕು. ಈ ರಸ್ತೆಯಲ್ಲೇ ಇದ್ದ, ನಮ್ಮ ಸಂಸ್ಥೆ ಕಟ್ಟಿದ ಮಹಲನೋಬಿಸ್ ಮಾಡಿದ್ದು ಅದನ್ನೇ. 1930ರ ದಶಕದ ಕೊನೆಗೆ ಬಂಗಾಳದ ಸೆಣಬಿನ ಬೆಳೆ ಎಷ್ಟು ಅಂತ ಅಳೆಯೋಕೆ ಹೊರಟಾಗ ಒಂದೇ ಸೀಮೆಗೆ ಎರಡು ತಂಡ ಕಳಿಸ್ತಿದ್ರು, ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಗೊತ್ತಾಗದ ಹಾಗೆ. ಎರಡೂ ಹೊಂದಿಕೆಯಾದರೆ ನಂಬು, ಆಗದಿದ್ದರೆ ಯಾರೋ ಮರದಡಿ ಕೂತು ಬರೆದಿದ್ದಾರೆ ಅಂತ ತಿಳಿ. ನಿಮ್ಮ ತೊಟ್ಟಿಗೂ ಎರಡು ಗೇಜು ಹಾಕ್ಸಿ. ನೀರು ಒಳಗೆ ಹೋಗೋ ಕಡೆ ಒಂದು, ಹೊರಗೆ ಬರೋ ಕಡೆ ಒಂದು. ಎರಡರ ವ್ಯತ್ಯಾಸವೇ ಮರಳಿನ ಕೊಳೆ. ಒಂದೇ ಗೇಜಿದ್ದರೆ ಯಾರಾದ್ರೂ ಮುಂದಿನ ವಾಲ್ವು ಅರ್ಧ ತಿರುಗಿಸಿದರೂ ಏರುತ್ತೆ, ನೀವು ಮರಳಿನ ಮೇಲೆ ತಪ್ಪು ಹೊರಿಸ್ತೀರಿ.

ದೊಡ್ಡಪ್ಪ: ಗಿರಣಿಯ ಫಿಲ್ಟರುಗಳಿಗೆ ನಾನೂ ಎರಡು ಗೇಜೇ ಹಾಕ್ತಿದ್ದೆ ಕಣೆ. ಇಲ್ಲಿ ಸಂಘದ ಕಾರ್ಯದರ್ಶಿ ಒಂದಕ್ಕೇ ಗೊಣಗಿದ.

ಹುಡುಗಿ: ಸೆಣಬಿನ ನೀರಿಗೆ ಎರಡು, ಮಕ್ಕಳ ನೀರಿಗೆ ಒಂದು!

ದೊಡ್ಡಪ್ಪ: ಅಳೆಯೋದನ್ನ ನೀನು ಕಲ್ತಿದ್ದೀಯ. ನೋಡೋದನ್ನ ಸ್ವಲ್ಪ ಕಲಿ. ಈ ಹಿಡಿಕೆ ನೋಡು. ಆರು ಗುರುತಿದೆ. ಸೋಸೋದು, ಹಿಮ್ಮುಖ ತೊಳೆಯೋದು, ರಿನ್ಸ್, ಹೊರಕ್ಕೆ ಚೆಲ್ಲೋದು, ಸುಮ್ಮನೆ ಸುತ್ತಿಸೋದು, ಮುಚ್ಚೋದು. ಈ ಆರರಲ್ಲಿ ಯಾವ ಗುರುತಿನ ಬಣ್ಣ ಮಾಸಿದೆ, ಯಾವುದು ಹೊಸದಾಗಿದೆ?

ಹುಡುಗಿ: ಮೊದಲ ಎರಡರ ಅಕ್ಷರವೇ ಅಳಿಸಿದೆ. ರಿನ್ಸ್ ಅನ್ನೋದು ಅಂಗಡಿಯಿಂದ ಈಗ ತಂದ ಹಾಗಿದೆ.

ದೊಡ್ಡಪ್ಪ: ಸಿಕ್ತಲ್ಲ! ಹಿಮ್ಮುಖ ತೊಳೆದಾಗ ನೀರು ಕೆಳಗಿನಿಂದ ಮೇಲಕ್ಕೆ ನುಗ್ಗಿ ಮರಳನ್ನ ಎತ್ತಿ ಆಡಿಸುತ್ತೆ. ಕಸ ಬಹುಪಾಲು ಚರಂಡಿಗೆ ಹೋಗುತ್ತೆ, ಉಳಿದದ್ದು ಮರಳಿನೊಳಗೆ ಬಿಡಿಬಿಡಿಯಾಗಿ ತೇಲ್ತಿರುತ್ತೆ. ಆಮೇಲೆ ಅರ್ಧ ನಿಮಿಷ ರಿನ್ಸಿಗೆ ಇಟ್ಟರೆ ಮರಳು ಕೂತು, ಆ ಬಿಡಿ ಕಸವೂ ಚರಂಡಿ ಸೇರುತ್ತೆ. ನಮ್ಮ ಹುಡುಗನಿಗೆ ಆ ಅರ್ಧ ನಿಮಿಷಕ್ಕೆ ಪುರುಸೊತ್ತಿಲ್ಲ. ನೇರ ಸೋಸೋ ಗುರುತಿಗೆ ತಿರುಗಿಸಿ ಹೋಗ್ತಾನೆ. ಆ ಕಸವೆಲ್ಲ ಬುಸ್ಸನೆ ಕೊಳಕ್ಕೆ. ದಿನಾ ಬೆಳಗ್ಗೆ ಒಂದು ಬುಸ್ಸು.

ಹುಡುಗಿ: ಅಂದರೆ ನೀರು ಕದಡಿದೆ ಅಂತ ತೊಳೀತಾನೆ, ತೊಳೆಯೋದರಿಂದಲೇ ನೀರು ಕದಡುತ್ತೆ. ಇದು ನಿಮಗೆ ಯಾವಾಗ ಹೊಳೀತು?

ದೊಡ್ಡಪ್ಪ: ಈಗ, ಹಿಡಿಕೆ ನೋಡಿದಾಗ.

ಹುಡುಗಿ: ಮೂರು ವಾರದಿಂದ ಉಸ್ತುವಾರಿ ನೋಡ್ತಿದ್ದದ್ದು ಯಾರು ಮತ್ತೆ?

ದೊಡ್ಡಪ್ಪ: ಇನ್ನೊಂದು ಮಾತು ಕೇಳು. ಹಿಡಿಕೆಗೆ ಕೈ ಇಡೋದಕ್ಕೆ ಮುಂಚೆ ಪಂಪು ಆರಿಸಲೇಬೇಕು. ಓಡ್ತಿರುವಾಗ ತಿರುಗಿಸಿದರೆ ಒಳಗಿನ ಚಕ್ರದ ಆಕಾರದ ರಬ್ಬರ್ ಕಿತ್ತುಬರುತ್ತೆ. ಆಮೇಲೆ ಸೋಸದ ನೀರೂ ಸೋಸಿದ ನೀರೂ ಒಳಗೇ ಬೆರೆಯುತ್ತೆ, ಹೊರಗಿನಿಂದ ಏನೂ ಗೊತ್ತಾಗಲ್ಲ.

ಹುಡುಗಿ: ಮಾತು ತಿರುಗಿಸೋಕೆ ಯಾವ ಪಂಪು ಆರಿಸಬೇಕೋ ಗೊತ್ತಿಲ್ಲ. ಇರಲಿ. ಪಂಪು ದಿನಕ್ಕೆ ಎಷ್ಟು ಹೊತ್ತು ಓಡುತ್ತೆ?

ದೊಡ್ಡಪ್ಪ: ಎಂಟು ಗಂಟೆ. ಕೊಳದಲ್ಲಿ ಎಪ್ಪತ್ತೆರಡು ಸಾವಿರ ಲೀಟರು. ಗಂಟೆಗೆ ಹನ್ನೊಂದು ಸಾವಿರ ಸೋಸುತ್ತೆ. ಆರೂವರೆ ಗಂಟೆಗೆ ಇಡೀ ಕೊಳ ಒಂದು ಸುತ್ತು, ಮೇಲೆ ಒಂದೂವರೆ ಗಂಟೆ ಹೆಚ್ಚುವರಿ.

ಹುಡುಗಿ: ಇಡೀ ಕೊಳ ಹೇಗಾಗುತ್ತೆ? ಸೋಸಿದ ನೀರು ಬೇರೆ ಪಾತ್ರೆಗೆ ಬೀಳ್ತಿದೆಯಾ? ಅದೇ ಕೊಳಕ್ಕೆ ಬಂದು ಸೋಸದ ನೀರಿನ ಜೊತೆ ಬೆರೀತಿದೆ. ಕೆಲವು ಹನಿ ನಾಲ್ಕು ಸಲ ಫಿಲ್ಟರ್ ನೋಡಿರುತ್ತೆ, ಕೆಲವು ಒಂದು ಸಲವೂ ನೋಡಿರಲ್ಲ. ನೀರು ಚೆನ್ನಾಗಿ ಬೆರೆಯುತ್ತೆ ಅಂತಲೇ ಇಟ್ಕೊಳ್ಳಿ, ಒಂದು ಸುತ್ತು ಮುಗಿದಾಗ ನೂರಕ್ಕೆ 37 ಪಾಲು ನೀರು ಫಿಲ್ಟರಿನ ಮುಖವನ್ನೇ ಕಂಡಿರಲ್ಲ. ಎರಡು ಸುತ್ತಿಗೆ 14 ಪಾಲು ಉಳಿಯುತ್ತೆ, ಮೂರಕ್ಕೆ 5, ನಾಲ್ಕಕ್ಕೆ 2. ನಿಮ್ಮ ಎಂಟು ಗಂಟೆಗೆ ಕಾಲುಭಾಗಕ್ಕೂ ಹೆಚ್ಚು ನೀರು ಹಾಗೇ ಇರುತ್ತೆ. ನೀರು ತಿಳಿಯಾಗೋವರೆಗಾದರೂ ಹಗಲು ರಾತ್ರಿ ಓಡಿಸಿ.

ದೊಡ್ಡಪ್ಪ: ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್ ಕರೆಂಟು. ಬಿಲ್ಲು ನಿನ್ನ ಮೇಷ್ಟ್ರು ಕಟ್ತಾರಾ? ಮತ್ತೆ ಚೆನ್ನಾಗಿ ಬೆರೆಯುತ್ತೆ ಅಂದ್ಯಲ್ಲ, ಅದು ನಿನ್ನ ಹಾಳೆಯ ಮೇಲೆ. ಈ ಕೊಳದ ಈಶಾನ್ಯ ಮೂಲೆಯಲ್ಲಿ ಬಿದ್ದ ಎಲೆ ಅಲ್ಲೇ ಕೊಳೆಯುತ್ತೆ, ಸುತ್ತೋದೇ ಇಲ್ಲ. ನೀರು ಬರೋ ಬಾಯಿಯನ್ನ ಆ ಕಡೆಗೆ ಒಂಚೂರು ತಿರುಗಿಸಿದರೆ ನಿನ್ನ ಹಗಲು ರಾತ್ರಿಯಲ್ಲಿ ಅರ್ಧ ಉಳಿಯುತ್ತೆ. ಮರಳಿನೊಳಗೂ ಅದೇ ಕಥೆ. ನಿಮ್ಮಮ್ಮ ಕಾಫಿ ಫಿಲ್ಟರಿಗೆ ಪುಡಿ ಹಾಕಿ ಸಮನಾಗಿ ಒತ್ತದಿದ್ದರೆ ಏನಾಗುತ್ತೆ? ನೀರು ಒಂದೇ ಕಡೆ ತೂತು ಕೊರೆದು ಇಳಿದು ಡಿಕಾಕ್ಷನ್ನು ನೀರುನೀರಾಗುತ್ತೆ. ಗಡಸು ನೀರಿನ ಸುಣ್ಣಕ್ಕೆ, ಮಕ್ಕಳು ಮೈಗೆ ಬಳಿದುಕೊಂಡು ಬರೋ ಎಣ್ಣೆಗೆ ಮರಳು ಗಟ್ಟಿಕಟ್ಟಿದರೂ ಹಾಗೇ. ನೀರು ಸಂದು ಹುಡುಕ್ಕೊಂಡು ಸೋಸದೇ ಹೋಗುತ್ತೆ, ಗೇಜು ನೆಟ್ಟಗಿದ್ದರೂ ಆ ತೂತನ್ನ ತೋರಿಸಲ್ಲ. ಅದಕ್ಕೇ ಐದಾರು ವರ್ಷಕ್ಕೊಮ್ಮೆ ಮರಳು ಬದಲಾಯಿಸೋದು.

ಇಲ್ಲಿ ಒಂದು ವಿರಾಮ. ದೊಡ್ಡಮ್ಮ ಮೇಲಿನ ಬಾಲ್ಕನಿಯಿಂದ ಕಾಫಿಗೆ ಕೂಗಿದರು, ಯಾರೂ ಹೋಗಲಿಲ್ಲ. ಹಿರಿಯರು ತಮ್ಮ ಕೈಯಾರೆ ಒಮ್ಮೆ ತೊಳೆದು ತೋರಿಸಿದರು. ವಾಲ್ವಿನ ಪಕ್ಕದ ಗಾಜಿನ ಗುಬುಟಿನಲ್ಲಿ ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗಿ, ಆಮೇಲೆ ಬಿಳಿಚಿ, ಮೂರು ನಿಮಿಷಕ್ಕೆ ತಿಳಿಯಾಯಿತು. ಪಂಪು ಆರಿಸಿ, ರಿನ್ಸಿಗೆ ಇಟ್ಟು ಮತ್ತೆ ಹಾಕಿದಾಗ ಅದೇ ಗಾಜಿನಲ್ಲಿ ಇನ್ನೊಂದು ಕಂದು ಅಲೆ ಹಾದುಹೋಯಿತು. ದಿನವೂ ಕೊಳಕ್ಕೆ ಬೀಳುತ್ತಿದ್ದುದು ಅದು.

ಹುಡುಗಿ: ಚಹಾದ ಬಣ್ಣ ಯಾಕೆ? ಮಣ್ಣಾದರೆ ಬೂದು ಇರಬೇಕಿತ್ತು.

ದೊಡ್ಡಪ್ಪ: ಟ್ಯಾಂಕರಿನಲ್ಲಿ ಬಂದ ಬೋರ್‌ವೆಲ್ ನೀರು. ಈ ಕಡೆಯ ನೆಲದಲ್ಲಿ ಕಬ್ಬಿಣ ಜಾಸ್ತಿ. ಮೇಲೆ ಬಂದಾಗ ಕನ್ನಡಿಯಂತಿರುತ್ತೆ, ಕರಗಿದ ಕಬ್ಬಿಣ ಕಣ್ಣಿಗೆ ಬೀಳಲ್ಲ. ಕ್ಲೋರಿನ್ ತಾಗಿತೋ, ತುಕ್ಕಾಗಿ ಹೊರಬೀಳುತ್ತೆ. ಟ್ಯಾಂಕರಿನ ನೀರು ಕೊಳಕ್ಕೆ ಬಿಡೋ ಮುಂಚೆ ಒಂದು ಬಿಳೀ ಬಕೆಟಿಗೆ ಹಿಡಿದು ಚಿಟಿಕೆ ಕ್ಲೋರಿನ್ ಹಾಕು. ಬಣ್ಣ ತಿರುಗಿದರೆ ಆ ಟ್ಯಾಂಕರ್ ವಾಪಸು ಕಳಿಸು.

ಹುಡುಗಿ: ನೀವು ಕಳಿಸಿದ್ರಾ?

ದೊಡ್ಡಪ್ಪ: ಆ ದಿನ ನಾನು ಊರಲ್ಲಿರಲಿಲ್ಲ.

ಹುಡುಗಿ: ನಾಳೆಯಿಂದ ನೀವು ಹೇಳಿದ ಹಾಗೇ ಮಾಡಿದ್ವಿ ಅಂತಿಟ್ಕೊಳ್ಳಿ. ತೊಳೆಯೋದು ಕಡಿಮೆ, ರಿನ್ಸ್ ತಪ್ಪಲ್ಲ, ಮರಳಲ್ಲಿ ಹದವಾದ ಕೊಳೆ. ಒಂದು ವಾರಕ್ಕೆ ತಳದ ಟೈಲ್ಸಿನ ಗೆರೆ ಎಣಿಸಬಹುದು. ಆಗ ಮಕ್ಕಳನ್ನ ಇಳಿಸ್ತೀರಾ?

ದೊಡ್ಡಪ್ಪ: ಇನ್ನೇನು? ತಳ ಕಂಡರೆ ನೀರು ಚೆನ್ನಾಗಿದೆ ಅಂತಲೇ ಅರ್ಥ.

ಹುಡುಗಿ: ತಳ ಕಂಡರೆ ಮುಳುಗಿದ ಮಗು ಕಾಣುತ್ತೆ, ಅಷ್ಟೇ ಅರ್ಥ. ಅದೂ ಸಣ್ಣ ಮಾತಲ್ಲ, ಒಪ್ತೀನಿ. ಆದರೆ ರೋಗ ಕಾಣಲ್ಲ. 1884ರಲ್ಲಿ ರಾಬರ್ಟ್ ಕಾಖ್ ಕಲ್ಕತ್ತೆಗೆ ಬಂದಾಗ ಕಾಲರಾದ ಜೀವಾಣು ಅವನಿಗೆ ಸಿಕ್ಕಿದ್ದು ರೋಗಿಗಳ ಕರುಳಲ್ಲಿ ಮಾತ್ರ ಅಲ್ಲ, ಇಲ್ಲಿನ ಒಂದು ಪುಕುರ್‌ನ ನೀರಲ್ಲೂ. ಜನ ಮೀಯೋ, ಬಟ್ಟೆ ಒಗೆಯೋ, ಕುಡಿಯೋ ಕೊಳ ಅದು. ಕಣ್ಣಳತೆಯಲ್ಲಿ ಅದರಲ್ಲಿ ಯಾರಿಗೂ ಜೀವಾಣು ಕಂಡಿರಲಿಲ್ಲ.

ದೊಡ್ಡಪ್ಪ: ಕಾಖ್ ಹೆಸರು ಎತ್ತಿದೆಯಲ್ಲ, ಪೂರ್ತಿ ಕೇಳು. 1892ರಲ್ಲಿ ಹ್ಯಾಂಬರ್ಗಿಗೆ ಕಾಲರಾ ಬಂತು. ಒತ್ತಿಗೇ ಇದ್ದ ಆಲ್ಟೊನಾ ಊರು ಎಲ್ಬೆ ನದಿಯಲ್ಲಿ ಇನ್ನೂ ಕೆಳಗಿತ್ತು, ಹ್ಯಾಂಬರ್ಗಿನ ಕೊಚ್ಚೆ ಬೆರೆತ ನೀರನ್ನೇ ಎತ್ತಿಕೊಳ್ತಿತ್ತು. ಆದರೂ ಅದು ಬಹುಮಟ್ಟಿಗೆ ಬಚಾವಾಯ್ತು. ಯಾಕೆ? ಆಲ್ಟೊನಾದವರು ಮರಳಲ್ಲಿ ಸೋಸ್ತಿದ್ರು, ಹ್ಯಾಂಬರ್ಗಿನವರು ಸೋಸ್ತಿರಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಬರೀ ಮರಳಲ್ಲ ಕಣೆ, ಮರಳಿನ ಮೇಲೆ ಕಟ್ಟಿದ ಲೋಳೆಯ ಪದರ. ಸೂಕ್ಷ್ಮಜೀವಿಗಳೇ ತುಂಬಿದ ಪದರ. ಬಂದ ಜೀವಾಣುಗಳನ್ನ ಅವು ತಿಂದು ಹಾಕ್ತವೆ. ಕಲ್ಕತ್ತೆಯವರು ಅದಕ್ಕೂ ಮುಂಚೆಯೇ ಬುದ್ಧಿ ಕಲಿತಿದ್ರು. 1860ರ ದಶಕದ ಕೊನೆಗೆ ಇಲ್ಲಿಂದ ಮೇಲೆ, ಬ್ಯಾರಕ್‌ಪುರದ ಹತ್ತಿರ ಪಲ್ತಾದಲ್ಲಿ ಹೂಗ್ಲಿ ನೀರು ಸೋಸೋಕೆ ಮರಳಿನ ಹಾಸು ಕಟ್ಟಿದ್ರು. ಅಲ್ಲಿಂದ ಟಾಲಾ ಟ್ಯಾಂಕಿಗೆ ಹೋಗೋ ದೊಡ್ಡ ಕೊಳವೆಗಳು ಈ ಬಿ.ಟಿ. ರೋಡಿನ ಹೊಟ್ಟೆಯಲ್ಲೇ ಇವೆ. 1909ರಲ್ಲಿ ಶುರುಮಾಡಿ 1911ಕ್ಕೆ ಮುಗಿಸಿದ ಟ್ಯಾಂಕು, ತೊಂಬತ್ತು ಲಕ್ಷ ಗ್ಯಾಲನ್ನು, ನೂರಹತ್ತು ಅಡಿ ಎತ್ತರದಲ್ಲಿ. ನೀನು ಬಸ್ಸಲ್ಲಿ ಹೋಗುವಾಗ ತಲೆ ಎತ್ತಿ ನೋಡಿರ್ತೀಯ. ಕೊಳೆಯನ್ನ ಕೊಳೆಯಿಂದಲೇ ಸೋಸಿ ಊರನ್ನ ಉಳಿಸಿದ ವಿದ್ಯೆ ಅದು.

ಹುಡುಗಿ: ಆ ವಿದ್ಯೆಯ ವೇಗ ಎಷ್ಟು?

ದೊಡ್ಡಪ್ಪ: ಗಂಟೆಗೆ ಹತ್ತರಿಂದ ಇಪ್ಪತ್ತು ಸೆಂಟಿಮೀಟರು ನೀರು ಇಳಿಯುತ್ತೆ. ಬಸವನಹುಳು.

ಹುಡುಗಿ: ನಿಮ್ಮ ತೊಟ್ಟಿಯದು? ಎರಡಡಿ ಅಗಲದ ತೊಟ್ಟಿಯಲ್ಲಿ ಗಂಟೆಗೆ ಹನ್ನೊಂದು ಸಾವಿರ ಲೀಟರು ಅಂದರೆ ಹತ್ತಿರ ಹತ್ತಿರ ನಲವತ್ತು ಮೀಟರು. ಇನ್ನೂರರಿಂದ ನಾನೂರು ಪಟ್ಟು ಜೋರು. ಆ ರಭಸಕ್ಕೆ ಯಾವ ಜೀವಿ ಕೂತು ಊಟ ಮಾಡುತ್ತೆ? ಗಂಟೆಗೆ ಹತ್ತು ಸೆಂಟಿಮೀಟರಿನ ಆ ನಿಧಾನದಲ್ಲಿ ಇಷ್ಟೇ ನೀರು ಸೋಸಬೇಕು ಅಂದರೆ ನೂರಹತ್ತು ಚದರ ಮೀಟರ್ ಹಾಸು ಬೇಕು. ನಿಮ್ಮ ಕೊಳವೇ ಅರವತ್ತು. ಕೊಳದ ಹತ್ತಿರ ಹತ್ತಿರ ಎರಡರಷ್ಟು ದೊಡ್ಡ ಫಿಲ್ಟರು! ಪಲ್ತಾದ ಪುಣ್ಯವನ್ನ ಈ ಡಬ್ಬದ ಖಾತೆಗೆ ಹಾಕಬೇಡಿ. ಇದರಲ್ಲಿ ನಿಂತ ಕೊಳೆ ಕಸವನ್ನ ತಡೆಯುತ್ತೆ, ಕಾಯಿಲೆಯನ್ನಲ್ಲ. ಕ್ರಿಪ್ಟೊಸ್ಪೊರಿಡಿಯಂ ಅಂತ ಒಂದು ಪರೋಪಜೀವಿ, ಭೇದಿಯಾಗಿರೋ ಮಗುವಿನಿಂದ ಕೊಳಕ್ಕೆ ಬರುತ್ತೆ. ನಾಲ್ಕರಿಂದ ಆರು ಮೈಕ್ರಾನು, ನಿಮ್ಮ ಮರಳಲ್ಲಿ ಆರಾಮಾಗಿ ದಾಟುತ್ತೆ. ಮಾಮೂಲಿ ಕ್ಲೋರಿನ್ನಿಗೂ ವಾರಕ್ಕೂ ಮೀರಿ ಸಾಯಲ್ಲ.

ದೊಡ್ಡಪ್ಪ: ಲೆಕ್ಕ ಸರಿ. ಆದರೆ ಜೋರು ಫಿಲ್ಟರಿಗೂ ಒಂದು ವಿದ್ಯೆ ಇತ್ತು. ನಮ್ಮ ಮಲ್ಲೇಶ್ವರದ ಜ್ಯೂಯೆಲ್ ಫಿಲ್ಟರ್ ಕೇಳಿದ್ದೀಯಾ? ಹೆಸರಘಟ್ಟದ ನೀರು ಬಂದು ಅಲ್ಲಿ ಸೋಸಿ ಬೆಂಗಳೂರಿಗೆ ಹೋಗ್ತಿತ್ತು. ಜ್ಯೂಯೆಲ್ ಅಂದರೆ ಒಡವೆ ಇರುತ್ತೆ ಅಂದ್ಕೊಂಡು ನಾವು ಹುಡುಗರು ಬೇಲಿ ಹಾರಿ ನೋಡಿ ಬೈಸಿಕೊಂಡಿದ್ವಿ. ಅಂಥ ಜೋರು ಫಿಲ್ಟರುಗಳ ಗುಟ್ಟು ಪಟಿಕ. ಪಟಿಕ ಹಾಕಿದರೆ ಸಣ್ಣ ಕಸವೆಲ್ಲ ಒಂದಕ್ಕೊಂದು ಅಂಟಿ ಉಂಡೆಗಟ್ಟುತ್ತೆ, ಆಮೇಲೆ ಮರಳು ಹಿಡಿಯುತ್ತೆ. ನಿನ್ನ ಆ ಕ್ರಿಪ್ಟೊವೂ ಬಹುಪಾಲು ಸಿಕ್ಕಿಬೀಳುತ್ತೆ. ಈಜುಕೊಳದ ಫಿಲ್ಟರ್ ಮಾರೋರು ಮರಳನ್ನ ಇಟ್ಟುಕೊಂಡು ಪಟಿಕವನ್ನ ಬಿಟ್ಟರು. ಒಂಚೂರು ಹಾಕೋಣ.

ಹುಡುಗಿ: ಒಂಚೂರು ಅಂದರೆ ಎಷ್ಟು ಗ್ರಾಂ? ಜಾಸ್ತಿಯಾದರೆ ಮರಳು ಒಂದೇ ದಿನಕ್ಕೆ ಕಟ್ಟಿಕೊಳ್ಳುತ್ತೆ, ನೀರು ಹುಳಿಯಾಗುತ್ತೆ. ಕ್ಲೋರಿನ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಪಿ.ಎಚ್. 7.2ರಿಂದ 7.6ರ ಒಳಗಿರಬೇಕು. ನೀವು ಕೊನೇ ಸಲ ಅಳೆದದ್ದು ಯಾವಾಗ?

ದೊಡ್ಡಪ್ಪ: ಕಣ್ಣು ಉರಿದರೆ ಗೊತ್ತಾಗುತ್ತೆ.

ಹುಡುಗಿ: ಕಣ್ಣು ಉರಿಯೋದು, ಘಾಟು ಬರೋದು ಕ್ಲೋರಿನ್ ಹೆಚ್ಚಾಗಿದ್ದಕ್ಕಲ್ಲ ದೊಡ್ಡಪ್ಪ. ಅದು ಬೆವರು, ಉಚ್ಚೆ ಸೇರಿ ಕೆಟ್ಟು ನಿಂತ ಕ್ಲೋರಿನ್ನು. ಎಷ್ಟೋ ಸಲ ಆಗ ಇನ್ನೂ ಹಾಕಬೇಕಾಗುತ್ತೆ. ನಿಮ್ಮ ಕಣ್ಣು ಇಲ್ಲಿ ಉಲ್ಟಾ ಸುದ್ದಿ ಹೇಳುತ್ತೆ.

ದೊಡ್ಡಪ್ಪ: ಸರಿ, ಪೆಟ್ಟಿಗೆ ತಂದು ಅಳಿ. ನಾನು ಬೇಡ ಅನ್ನಲ್ಲ. ಆದರೆ ನಿನ್ನ ಮಾತಿನ ಹಿಂದೆ ಬೇರೆ ಏನೋ ಇದೆ. ಈ ಕೊಳವೇ ಬೇಡ ಅಂತಲಾ?

ಹುಡುಗಿ: ಸ್ವಲ್ಪ ಹಾಗೇ. ಈಗ ತೊಳೆದಿರಲ್ಲ, ಮೂರು ನಿಮಿಷಕ್ಕೆ ಐನೂರೈವತ್ತು ಲೀಟರು ಚರಂಡಿಗೆ. ಊರಿನ ನೀರಿನ ಯೋಜನೆ ಹಾಕುವಾಗ ತಲೆಗೆ ದಿನಕ್ಕೆ 135 ಲೀಟರು ಅಂತ ಲೆಕ್ಕ ಹಾಕ್ತಾರೆ. ನಾಲ್ಕು ಜನರ ಒಂದು ದಿನದ ನೀರು. ದಿನಾ ತೊಳೆದರೆ ತಿಂಗಳಿಗೆ ಹದಿನಾರು ಸಾವಿರ ಲೀಟರು. 2024ರ ಬೇಸಗೆಯಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಕ್ಕೆ ಕುಡಿಯೋ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡ ಅಂದಿತ್ತು. ನಮ್ಮ ಚಿಕ್ಕಮ್ಮನ ಅಪಾರ್ಟ್‌ಮೆಂಟಿನ ಕೊಳ ಆಗ ಒಣಗಿ ಮಕ್ಕಳು ಅದರಲ್ಲಿ ಕ್ರಿಕೆಟ್ ಆಡ್ತಿದ್ರು. ಇಲ್ಲಿ ನೆಲದ ನೀರಲ್ಲಿ ಕಬ್ಬಿಣ ಅಂದ್ರಿ, ಉತ್ತರ 24 ಪರಗಣ ಆರ್ಸೆನಿಕ್ ಪೀಡಿತ ಜಿಲ್ಲೆ ಕೂಡ. ನದಿ ಮಗ್ಗುಲಲ್ಲಿದ್ದರೂ ಒಳ್ಳೆ ಕುಡಿಯೋ ನೀರು ಇಲ್ಲಿ ಪುಕ್ಕಟೆ ಅಲ್ಲ.

ದೊಡ್ಡಪ್ಪ: ಅದಕ್ಕೇ ಅಲ್ವೇನೆ ನಾನು ಬೆಳಗ್ಗಿಂದ ಬಡ್ಕೊಳ್ತಿರೋದು, ತೊಳೀಬೇಡಿ ಅಂತ! ವಾರಕ್ಕೊಂದೇ ಸಲ ತೊಳೆದರೆ ನಿನ್ನ ಹದಿನಾರು ಸಾವಿರ ಎರಡೂವರೆ ಸಾವಿರಕ್ಕೆ ಇಳಿಯುತ್ತೆ. ಕೊಳೆ ಉಳಿಸಿಕೊಂಡರೆ ನೀರೂ ಉಳಿಯುತ್ತೆ.

ಹುಡುಗಿ: ಕೊಳ ಇಲ್ಲದಿದ್ದರೆ ಪೂರ್ತಿ ಉಳಿಯುತ್ತೆ.

ದೊಡ್ಡಪ್ಪ: ಮಕ್ಕಳು ಈಜೋದು ಎಲ್ಲಿ? ಗಂಗೆಯ ಘಾಟಿನಲ್ಲಾ? ಉಬ್ಬರ ಬಂದಾಗ ನೀರು ಗೋಡೆಯಂತೆ ಎದ್ದು ಬರೋದನ್ನ ನೀನು ನೋಡಿಲ್ಲ. ಇಂಗ್ಲಿಷ್ ಕಾಲುವೆ ಈಜಿದ ಮಿಹಿರ್ ಸೇನ್, ಮರುವರ್ಷ 1959ರಲ್ಲಿ ಈಜಿದ ಆರತಿ ಸಾಹಾ, ಇಬ್ಬರೂ ಈ ನೆಲದವರು. ಆರತಿ ಹಾಗೆ ಈಜಿದ ಏಷ್ಯಾದ ಮೊದಲ ಹೆಂಗಸು. ಆರತಿಯಂಥವರು ಘಾಟಿನಲ್ಲಿ, ಪುಕುರ್‌ಗಳಲ್ಲಿ ಕೈಕಾಲು ಬಡಿದು ಕಲಿತರು. ಈಗ ಪುಕುರ್ ಎಲ್ಲಿ? ನಾನು ಬಂದಾಗ ಈ ಓಣಿಯಾಚೆ ಮೂರಿತ್ತು. ಇಲ್ಲಿನ ನೆಲದ ಅಳತೆಯಲ್ಲಿ ಐದು ಕಟ್ಟಾ ಅಥವಾ ಅದಕ್ಕಿಂತ ದೊಡ್ಡ ಕೆರೆ ಮುಚ್ಚಬಾರದು ಅಂತ ಕಾನೂನಿದೆ. ರಾತ್ರಿ ಲಾರಿಗಳು ಕಾನೂನು ಓದಲ್ಲ.

ಹುಡುಗಿ: ಹಾಗಾದರೆ ಇಪ್ಪತ್ತು ಮನೆಯ ದುಡ್ಡು, ನಿಮ್ಮ ತಲೆ, ಎರಡೂ ಆ ಪುಕುರ್‌ಗಳನ್ನ ಉಳಿಸೋಕೆ ಹೋಗಬೇಕಿತ್ತು. ಪುಕುರ್ ಓಣಿಯ ಎಲ್ಲರದು. ಈ ಕೊಳಕ್ಕೆ ಬೀಗ ಇದೆ. ನಿಮ್ಮ ಮನೆಗೆಲಸದ ಹೆಂಗಸಿನ ಮಗ ಈ ನೀರಲ್ಲಿ ಒಂದು ಸಲವಾದರೂ ಇಳಿದಿದ್ದಾನಾ?

ದೊಡ್ಡಪ್ಪ: ...ಸಂಘದ ನಿಯಮ ಇದೆ.

ಹುಡುಗಿ: ನಿಯಮ ಸತ್ತಿಲ್ಲ.

ದೊಡ್ಡಪ್ಪ: ನಿನ್ನ ಜೊತೆ ಮಾತಾಡೋದು ಕಷ್ಟ ಕಣೆ. ಆದರೆ ಒಂದು ಹೇಳ್ತೀನಿ. ಪುಕುರ್ ಉಳಿಸೋ ದೊಡ್ಡ ಕೆಲಸ ಆಗೋವರೆಗೆ ಈ ಸಣ್ಣ ಕೊಳದ ನೀರನ್ನ ಯಾರಾದರೂ ನೋಡ್ಕೊಳ್ಳಲೇಬೇಕು. ಹಾಗೇ ಬಿಟ್ಟರೆ ಹತ್ತು ದಿನಕ್ಕೆ ಸೊಳ್ಳೆಯ ತೊಟ್ಟಿಲು. ಈ ಊರಿನ ಡೆಂಗಿ ಗೊತ್ತಲ್ಲ.

ಹುಡುಗಿ: ಅದಕ್ಕೆ ಉತ್ತರ ಇಲ್ಲ ನನ್ನ ಹತ್ತಿರ. ಅಂದ ಹಾಗೆ, ಪಂಪು ಹಾಕಿದಾಗ ನೀರು ಬರೋ ಬಾಯಿಗೆ ನನ್ನ ಕಾಲ್ಚೀಲ ಕಟ್ಟಿ ಬಂದಿದ್ದೆ. ತಗೊಂಡು ಬರ್ತೀನಿ ಇರಿ.

ಅವಳು ತಂದ ಬಿಳಿ ನೈಲಾನ್ ಕಾಲ್ಚೀಲದ ತುದಿಯಲ್ಲಿ ಅರ್ಧ ಚಮಚದಷ್ಟು ಏನೋ ಕೂತಿತ್ತು. ಹಿರಿಯರು ಅದನ್ನು ಅಂಗೈಗೆ ಕೊಡವಿಕೊಂಡು ಹೆಬ್ಬೆರಳಿನಿಂದ ಉಜ್ಜಿದರು. ಕನ್ನಡಕ ಮೇಲೆ ಮಾಡಿ ಬೆಳಕಿಗೆ ಹಿಡಿದರು.

ಹುಡುಗಿ: ಮರಳು.

ದೊಡ್ಡಪ್ಪ: ಏಪ್ರಿಲಿನಲ್ಲಿ ಹೊಸ ಮರಳು ತುಂಬಿದ್ವಿ. ಆಗ ಕೊಳವೆಯಲ್ಲಿ ಉಳಿದದ್ದು ಈಗ ಬರ್ತಿದೆ.

ಹುಡುಗಿ: ಏಪ್ರಿಲಿನದು ಜುಲೈವರೆಗೆ ಕೊಳವೆಯಲ್ಲಿ ಕೂತಿತ್ತಾ? ಹುಡಿಯಾ, ಕಾಳಾ?

ದೊಡ್ಡಪ್ಪ: ಕಾಳೇ. ಚೂಪಾಗಿದೆ.

ಹುಡುಗಿ: ಹಾಗಾದರೆ ತೊಟ್ಟಿಯ ತಳದಲ್ಲಿ ಮರಳನ್ನ ತಡೆಯೋ ಸೀಳುಕೊಳವೆ ಒಂದು ಒಡೆದಿದೆ. ತೊಟ್ಟಿಗೆ ಅರ್ಧ ನೀರು ತುಂಬಿಸದೇ ಒಣ ಮರಳನ್ನ ಮೇಲಿನಿಂದ ಸುರಿದಿರ್ತಾರೆ. ತೊಟ್ಟಿ ಬಿಚ್ಚಲೇಬೇಕು.

ದೊಡ್ಡಪ್ಪ: ಬಿಚ್ಚೋದು ಅಂದರೆ ಒಂದೂವರೆ ಕ್ವಿಂಟಲ್ ಒದ್ದೆ ಮರಳನ್ನ ಡಬ್ಬದಲ್ಲಿ ಮೊಗೆದು ಹೊರಹಾಕೋದು. ಮಳೆಗಾಲದಲ್ಲಿ ಕೊಳ ಎರಡು ವಾರ ನಿಂತರೆ ಹಸಿರು ಪಾಚಿ ಹಬ್ಬುತ್ತೆ. ದುರ್ಗಾಪೂಜೆ ಮುಗಿದ ಮೇಲೆ ಬಿಚ್ಚೋಣ.

ಹುಡುಗಿ: ಪೂಜೆ ಅಕ್ಟೋಬರಿಗೆ! ಅಲ್ಲೀವರೆಗೆ ಒಡೆದ ಕೊಳವೆಯಲ್ಲಿ ಸೋಸದ ನೀರು ಬರ್ತಾನೇ ಇರಲಿ ಅಂತೀರಾ?

ದೊಡ್ಡಪ್ಪ: ಒಡೆದಿದೆ ಅಂತ ಸಾಬೀತಾಗಲಿ. ನೀನೇ ಹೇಳಿದ್ದಲ್ವಾ, ಒಂದು ಅಳತೆ ನಂಬಬಾರದು ಅಂತ.

ಹುಡುಗಿ: ಸರಿ. ದಿನಾ ಒಂದೇ ಹೊತ್ತಿಗೆ, ಒಂದೇ ಗಂಟೆ ಕಾಲ್ಚೀಲ ಕಟ್ಟಿ. ಬಂದ ಮರಳು ಒಣಗಿಸಿ ತೂಗಿ ಬರೆದಿಡಿ. ದಿನ ದಿನ ಇಳೀತಾ ಹೋದರೆ ಕೊಳವೆಯಲ್ಲಿ ಉಳಿದದ್ದು, ನಿಮ್ಮ ಮಾತು ನಿಜ. ಇಳಿಯದಿದ್ದರೆ ಒಡೆದಿದೆ, ಪೂಜೆಗೆ ಕಾಯೋ ಹಾಗಿಲ್ಲ.

ದೊಡ್ಡಪ್ಪ: ಎಷ್ಟು ದಿನ?

ಹುಡುಗಿ: ಹತ್ತು.

ದೊಡ್ಡಪ್ಪ: ಐದು.

ಹುಡುಗಿ: ಐದು ಅಂಕಿಯಲ್ಲಿ ಏನೂ ಹೇಳೋಕಾಗಲ್ಲ ದೊಡ್ಡಪ್ಪ.

ದೊಡ್ಡಪ್ಪ: ನಲವತ್ತು ವರ್ಷ ಫಿಲ್ಟರ್ ನೋಡಿದ ಕೈಗೆ ಐದು ಸಾಕು. ತೂಗೋ ತಕ್ಕಡಿ ಎಲ್ಲಿಂದ ತರ್ತೀಯ?

ಹುಡುಗಿ: ದೊಡ್ಡಮ್ಮನ ಅಡುಗೆಮನೆಯದು ಇದೆಯಲ್ಲ.

ದೊಡ್ಡಪ್ಪ: ಅದನ್ನ ನೀನೇ ಕೇಳು. ಮತ್ತೆ ಸಂಜೆ ಮಕ್ಕಳು ಬರ್ತಾರೆ, ಇಳೀಬಹುದು ಅಂತ ಹೇಳ್ತೀನಿ.

ಹುಡುಗಿ: ತಳದ ಜಾಲರಿ ಕಾಣೋವರೆಗೆ ಬೇಡ.

ದೊಡ್ಡಪ್ಪ: ಸಂಜೆಗೆ ಕಾಣುತ್ತೆ.

ಹುಡುಗಿ: ಆರು ಗಂಟೆಗೆ ಬಂದು ನಾನೂ ನೋಡ್ತೀನಿ. ನನಗೆ ಕಾಣದಿದ್ದರೆ ಬೀಗದ ಕೈ ನನ್ನ ಹತ್ತಿರ.